ವಿದ್ಯುತ್ ಉಳಿತಾಯವನ್ನು ಪ್ರಸರಣ ಯೋಜನೆಯಲ್ಲಿ ಎಷ್ಟು ಮೆಗಾವ್ಯಾಟ್ ಅಂತ ಹಿಡಿಯಬೇಕು? (ಪುಣೆ, 220/22 ಕೆವಿ)

ಹಿಂಜವಡಿ_ಫೀಡರ್:

ಎಲ್ಲರಿಗೂ ನಮಸ್ಕಾರ. ಪುಣೆಯ ಪಶ್ಚಿಮ ಭಾಗದ ಒಂದು 220/22 ಕೆವಿ (220 ಕಿಲೋವೋಲ್ಟನ್ನು 22ಕ್ಕೆ ಇಳಿಸುವ) ಸಬ್‌ಸ್ಟೇಷನ್‌ಗೆ ಹತ್ತು ವರ್ಷದ ಲೋಡ್ ಅಂದಾಜು ತಯಾರಾಗಬೇಕು. 50 ಎಂವಿಎಯ (ಮೆಗಾವೋಲ್ಟ್ ಆಂಪಿಯರ್, ಹೊರಬಲ್ಲ ಒಟ್ಟು ಲೋಡಿನ ಅಳತೆ) ಮೂರು ಟ್ರಾನ್ಸ್‌ಫಾರ್ಮರ್ ಇವೆ. ಒಂದು ಹೊರಗೆ ಹೋದರೂ ನಡೆಯಬೇಕು ಅಂದರೆ ಕೈಗೆ ಸಿಗುವುದು 100 ಎಂವಿಎ. ಈಗಿನ ಗರಿಷ್ಠ ಬೇಡಿಕೆ 80 ಎಂವಿಎ. ಏಪ್ರಿಲ್ ಕೊನೆಯಿಂದ ಮೇ ನಡುವೆ, ಮಧ್ಯಾಹ್ನ 3ರ ಹೊತ್ತಿಗೆ ಬರುತ್ತದೆ. ಬೆಳವಣಿಗೆ ವರ್ಷಕ್ಕೆ 6%. ಕೆಳಗಿರುವುದು ಐಟಿ ಕಚೇರಿಗಳು, ಹೌಸಿಂಗ್ ಸೊಸೈಟಿಗಳು, ಸ್ವಲ್ಪ ಸಣ್ಣ ಕೈಗಾರಿಕೆ.

ವಿತರಣೆ ಕಡೆಯಿಂದ ಬಂದ ಹಾಳೆಯಲ್ಲಿ ಒಂದೇ ಸಾಲು ಇದೆ: ದಕ್ಷತಾ ಕಾರ್ಯಕ್ರಮಗಳಿಂದ ವರ್ಷಕ್ಕೆ 2 ಕೋಟಿ ಯೂನಿಟ್ ಉಳಿತಾಯ. ಬೀದಿ ದೀಪ, ಬಿಎಲ್‌ಡಿಸಿ ಫ್ಯಾನ್ (ಕಡಿಮೆ ವ್ಯಾಟಿನ ಹೊಸ ಬಗೆ), ಕಚೇರಿ ದೀಪ, ಮೂರೂ ಸೇರಿ. ಇದನ್ನು 8,760 ಗಂಟೆಯಿಂದ ಭಾಗಿಸಿ 2.28 ಮೆಗಾವ್ಯಾಟ್ ಅಂತ ಕಳೆದುಬಿಟ್ಟಿದ್ದಾರೆ. ಇದು ಸರಿಯೇ? ಹಳೆಯ ಬೆಳವಣಿಗೆ ದರದಲ್ಲೇ ಇದು ಆಗಲೇ ಸೇರಿಲ್ಲವೇ? ಇನ್ನೊಂದು, 400 ಕೆವಿ ಮಟ್ಟಕ್ಕೆ ಮತ್ತು ಪಶ್ಚಿಮ ವಲಯದ ಅಂತರರಾಜ್ಯ ಅಧ್ಯಯನಕ್ಕೆ ಇದೇ ಅಂಕಿಯನ್ನು ಮೇಲಕ್ಕೆ ಕಳಿಸಬಹುದೇ?

ಮೀಟರ್_96:

8,760ರಿಂದ ಭಾಗಿಸಿದ್ದೇ ಮೊದಲ ತಪ್ಪು. ಅದು ವರ್ಷದ ಸರಾಸರಿ. ಟ್ರಾನ್ಸ್‌ಫಾರ್ಮರ್ ಬಿಸಿಯಾಗುವುದು ಸರಾಸರಿಯಿಂದ ಅಲ್ಲ, ಮೇ ತಿಂಗಳ ಮಧ್ಯಾಹ್ನ 3 ಗಂಟೆಯ ಲೋಡಿನಿಂದ.

ಅದೇ 2 ಕೋಟಿ ಯೂನಿಟ್ಟನ್ನು ಬೇರೆ ಬೇರೆ ಉಪಕರಣಕ್ಕೆ ಹಾಕಿ ನೋಡಿ. ಪೂರ್ತಿ ಬೀದಿ ದೀಪದ್ದು ಅಂದುಕೊಂಡರೆ, ಅವು ವರ್ಷಕ್ಕೆ ಸುಮಾರು 4,200 ಗಂಟೆ ಉರಿಯುತ್ತವೆ, ರಾತ್ರಿ 4.76 ಮೆಗಾವ್ಯಾಟ್ ಇಳಿತ, ನಿಮ್ಮ 3 ಗಂಟೆಗೆ ಸೊನ್ನೆ. ಪೂರ್ತಿ ಎಸಿಯದ್ದು, ವರ್ಷಕ್ಕೆ 1,600 ಗಂಟೆ ಓಟ ಅಂದುಕೊಂಡರೆ 12.5 ಮೆಗಾವ್ಯಾಟ್. ಯೂನಿಟ್ ಅಷ್ಟೇ, ಮೆಗಾವ್ಯಾಟ್ ಸೊನ್ನೆಯಿಂದ 12.5ರವರೆಗೆ. ಆದ್ದರಿಂದ ಉಪಕರಣವಾರು ವಿಂಗಡಣೆ ಇಲ್ಲದ ಹಾಳೆಯನ್ನು ವಾಪಸ್ ಕಳಿಸಿ. ಇದರಲ್ಲಿ ಸಂಕೋಚ ಬೇಡ.

ವಿಂಗಡಣೆ ಸಿಕ್ಕ ಮೇಲೆ ಒಂದೊಂದಕ್ಕೂ ನಾಲ್ಕು ಮೆಟ್ಟಿಲು. ಫ್ಯಾನನ್ನೇ ತೆಗೆದುಕೊಳ್ಳೋಣ. ಹಳೆಯದು 75 ವ್ಯಾಟ್, ಬಿಎಲ್‌ಡಿಸಿ 30. ಒಂದು ಲಕ್ಷ ಫ್ಯಾನ್ ಬದಲಾದರೆ 4.5 ಮೆಗಾವ್ಯಾಟ್; ಇದು ಬರೀ ಜೋಡಣೆಯ ಲೆಕ್ಕ. ಎರಡನೆಯದು, ಆ ಗಂಟೆಯಲ್ಲಿ ಎಷ್ಟು ಪಾಲು ತಿರುಗುತ್ತಿರುತ್ತದೆ? ವಾರದ ದಿನ ಮಧ್ಯಾಹ್ನ ಮನೆಗಳಲ್ಲಿ 0.35, ರಾತ್ರಿ 11ಕ್ಕೆ 0.7 ಅಂತ ಹಿಡಿದರೆ 1.575 ಮತ್ತು 3.15. ಮೂರನೆಯದು ನಷ್ಟ. ಮನೆಯಲ್ಲಿ ಇಳಿದ ಒಂದು ಮೆಗಾವ್ಯಾಟ್ 220 ಕೆವಿ ಬದಿಯಲ್ಲಿ ಒಂದಕ್ಕಿಂತ ಹೆಚ್ಚು ಇಳಿಸುತ್ತದೆ. ಇಲ್ಲಿ ಸರಾಸರಿ ನಷ್ಟ ಹಾಕಬಾರದು. ತಂತಿಯ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗರಿಷ್ಠ ಹೊತ್ತಿನಲ್ಲಿ ಕೊನೆಯ ಮೆಗಾವ್ಯಾಟಿನ ನಷ್ಟ ಆ ಹೊತ್ತಿನ ಸರಾಸರಿಯ ಹತ್ತಿರ ಹತ್ತಿರ ಎರಡರಷ್ಟು. ಸರಾಸರಿ 5% ಆದರೆ 10% ಹಿಡಿಯಿರಿ: 1.575 ಭಾಗಿಸು 0.9, ಅಂದರೆ 1.75, ರಾತ್ರಿಗೆ 3.5. ಎಟಿ ಅಂಡ್ ಸಿ (ತಾಂತ್ರಿಕ ಮತ್ತು ವಾಣಿಜ್ಯ ಸೇರಿದ ಒಟ್ಟು) ನಷ್ಟವನ್ನು ಮಾತ್ರ ಇಲ್ಲಿ ತಂದು ಹಾಕಬೇಡಿ. ಅದರಲ್ಲಿ ಕಳ್ಳತನ, ಬಾಕಿ ಬಿಲ್ ಎಲ್ಲ ಸೇರಿರುತ್ತದೆ. ಅವು ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟವಲ್ಲ.

ನಾಲ್ಕನೆಯದು, ಕಾರ್ಯಕ್ರಮ ಇಲ್ಲದಿದ್ದರೂ ತಾವಾಗಿಯೇ ಬಿಎಲ್‌ಡಿಸಿ ಕೊಳ್ಳುತ್ತಿದ್ದವರನ್ನು ತೆಗೆಯುವುದು. ಅವರ ಪಾಲು 30% ಅಂದರೆ ಮಧ್ಯಾಹ್ನಕ್ಕೆ ಉಳಿದದ್ದು 1.225. ಲಕ್ಷ ಫ್ಯಾನ್ ಹಂಚಿ 4.5 ಅಂತ ಶುರುವಾದದ್ದು ನಿಮ್ಮ ಟ್ರಾನ್ಸ್‌ಫಾರ್ಮರ್ ಮೇಲೆ ಗರಿಷ್ಠ ಹೊತ್ತಿಗೆ ಇಷ್ಟಕ್ಕೆ ಬಂತು. ಇದನ್ನು ದಕ್ಷತೆಯ ಸೋಲು ಅಂತ ಓದಬೇಡಿ. ಯೂನಿಟ್ ಲೆಕ್ಕದಲ್ಲಿ ಅದರ ಬೆಲೆ ಪೂರ್ತಿ ಇದೆ. ತಂತಿಯ ಲೆಕ್ಕ ಬೇರೆ, ಅಷ್ಟೇ.

0.35, 0.7, 30% ಇವು ಉದಾಹರಣೆಗೆ ಹಾಕಿದ ಅಂಕಿ. ನಿಮ್ಮ ಫೀಡರಿನ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನಿನ) 15 ನಿಮಿಷದ ಮೀಟರ್ ಓದು, ದಿನಕ್ಕೆ 96 ಬ್ಲಾಕ್, ಅದರಿಂದಲೇ ನಿಮ್ಮದನ್ನು ತೆಗೆಯಬೇಕು. ಫ್ಯಾನ್ ಹಂಚಿದ ಫೀಡರ್ ಒಂದು, ಅದೇ ಬಗೆಯ ಹಂಚದ ಫೀಡರ್ ಒಂದು, ಎರಡಕ್ಕೂ ಉಷ್ಣಾಂಶಕ್ಕೆ ಎಷ್ಟು ಕಿಲೋವ್ಯಾಟ್ ಏರುತ್ತದೆ ಎಂಬ ಗೆರೆ ಎಳೆದು ಹೋಲಿಸಿ. ಉಷ್ಣಾಂಶ ಸರಿಪಡಿಸದೆ ಹೋದ ಮೇ, ಈ ಮೇ ಅಂತ ನೇರ ಕಳೆದರೆ, ಒಂದು ಮೋಡದ ವಾರ ಬಂದರೂ ಅದು ಉಳಿತಾಯ ಅಂತ ಬರೆದುಬಿಡುತ್ತೀರಿ.

ಐರೋಲಿ_ಬಸ್‌ಬಾರ್:

ಮೇಲಿನವರು ಹೇಳಿದ್ದು ಸರಿ. ಎರಡು ಸಲ ಎಣಿಸುವ ಪ್ರಶ್ನೆಗೆ ನಾನು ಬರುತ್ತೇನೆ. ನಿಮ್ಮ ಹಾಳೆಯಲ್ಲಿ ಹೆಚ್ಚು ಹಾನಿ ಮಾಡುವುದು ಅದೇ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಎಲೆಕ್ಟ್ರಿಕ್ ಪವರ್ ಸರ್ವೆ (20ನೆಯದು 2022ರ ನವೆಂಬರಿನಲ್ಲಿ ಬಂತು) ಭಾಗಶಃ ಅಂತಿಮ ಬಳಕೆಯ ವಿಧಾನ ಬಳಸುತ್ತದೆ. ಅಂದರೆ ಗ್ರಾಹಕ ವರ್ಗವಾರು ಹಳೆಯ ಸರಣಿ, ಅದರ ಮೇಲೆ ತಿಳಿದಿರುವ ಬದಲಾವಣೆಗಳ ತಿದ್ದುಪಡಿ. ಉಜಾಲಾ ಎಲ್‌ಇಡಿ ಹಂಚಿಕೆ ಶುರುವಾದದ್ದು 2015ರ ಜನವರಿಯಲ್ಲಿ. ನೀವು 2016ರಿಂದ ಈಚಿನ ಮೀಟರ್ ಓದಿನ ಮೇಲೆ ಗೆರೆ ಎಳೆದು 6% ತೆಗೆದಿದ್ದರೆ, ಬಲ್ಬಿನ ಉಳಿತಾಯ ಆ 6%ರ ಒಳಗೇ ಕೂತಿದೆ. ಮತ್ತೆ ಕಳೆದರೆ ಎರಡು ಸಲ ಆಯಿತು. ಸ್ಟಾರ್ ಲೇಬಲ್ ಕೂಡ ಹಾಗೆಯೇ. ಕನಿಷ್ಠ ಮಾನದಂಡ ಏರಿದಾಗ ಅಂಗಡಿಯಲ್ಲಿ ಸಿಗುವ ಮಾಲೇ ಬದಲಾಗುತ್ತದೆ. ಆಮೇಲೆ ಹಳೆಯ ಮಾಲಿನ ವ್ಯಾಟನ್ನು ಆಧಾರ ಮಾಡಿಕೊಂಡು ಉಳಿತಾಯ ಬರೆಯುವುದಕ್ಕೆ ಅರ್ಥವಿಲ್ಲ. 60 ವ್ಯಾಟಿನ ಬಲ್ಬನ್ನು ಇವತ್ತು ಯಾರು ಹಾಕುತ್ತಾರೆ?

ಸರಿಯಾದ ದಾರಿ ಹೀಗೆ: ಹಿಂದಿನ ಪ್ರತಿ ವರ್ಷದ ಗರಿಷ್ಠಕ್ಕೆ ಆ ಗಂಟೆಯಲ್ಲಿ ಕಾರ್ಯಕ್ರಮದಿಂದ ಇಳಿದ ಮೆಗಾವ್ಯಾಟನ್ನು ವಾಪಸ್ ಕೂಡಿಸಿ. ಬಂದ ಒಟ್ಟು ಸರಣಿಯ ಮೇಲೆ ಗೆರೆ ಎಳೆಯಿರಿ. ಮುಂದಿನ ವರ್ಷಗಳ ಅಂದಾಜಿನಿಂದ ಹಿಂದಿನ ಮತ್ತು ಮುಂದಿನ ಉಳಿತಾಯ ಎರಡನ್ನೂ ಪೂರ್ತಿ ಕಳೆಯಿರಿ. ಅಮೆರಿಕದ ನ್ಯೂ ಇಂಗ್ಲೆಂಡ್ ಗ್ರಿಡ್ ನಿರ್ವಾಹಕರು ದಕ್ಷತೆಗೆ ಪ್ರತ್ಯೇಕ ಮುನ್ನಂದಾಜು 2012ರಲ್ಲಿ ಶುರು ಮಾಡಿದರು. ಅಲ್ಲಿ ದಕ್ಷತೆಯನ್ನು ಸಾಮರ್ಥ್ಯ ಮಾರುಕಟ್ಟೆಯಲ್ಲಿ (ಮುಂದೆ ಬೇಕಾಗುವ ಮೆಗಾವ್ಯಾಟನ್ನು ಮೊದಲೇ ಕೊಳ್ಳುವ ಕಡೆ) ಪೂರೈಕೆಯ ಹಾಗೆ ಮಾರುತ್ತಿದ್ದರು. ಹಾಗಾಗಿ ಲೋಡಿನ ಇತಿಹಾಸಕ್ಕೆ ಅದನ್ನು ಮತ್ತೆ ಕೂಡಿಸಲೇಬೇಕಾಯಿತು, ಇಲ್ಲದಿದ್ದರೆ ಪೂರೈಕೆಯಲ್ಲೊಮ್ಮೆ ಬೇಡಿಕೆಯಲ್ಲೊಮ್ಮೆ ಎರಡು ಸಲ ಎಣಿಕೆ. ನಮ್ಮಲ್ಲಿ ಆ ಮಾರುಕಟ್ಟೆ ಇಲ್ಲ, ಆದರೂ ಕೂಡಿಸಿ ಕಳೆಯುವ ಈ ಕ್ರಮ ನಮಗೂ ಒಗ್ಗುತ್ತದೆ.

ವಿತರಣೆಯವರನ್ನು ಇನ್ನೊಂದು ಕೇಳಿ: "ವರ್ಷಕ್ಕೆ 2 ಕೋಟಿ" ಅಂದರೆ ಪ್ರತಿ ವರ್ಷ ಹೊಸದಾಗಿ 2 ಕೋಟಿಯೋ, ಇಲ್ಲಿವರೆಗೆ ಹಾಕಿದ್ದೆಲ್ಲ ಸೇರಿ ವರ್ಷಕ್ಕೆ 2 ಕೋಟಿಯೋ? ಮೊದಲನೆಯದಾದರೆ ಹತ್ತು ವರ್ಷದಲ್ಲಿ ಹತ್ತು ಪಟ್ಟು, ಎರಡನೆಯದಾದರೆ ಒಂದೇ ಪಟ್ಟು. ಮತ್ತೆ ಡಿಎಸ್‌ಎಂ ಅನ್ನುವ ಅಂಕಣ ಕಂಡರೆ ಯಾವುದು ಅಂತ ನೋಡಿಕೊಳ್ಳಿ. ಬೇಡಿಕೆ ಬದಿಯ ನಿರ್ವಹಣೆಗೂ ಡಿಎಸ್‌ಎಂ, ಶೆಡ್ಯೂಲಿನಿಂದ ಹೊರಳಿದ್ದಕ್ಕೆ ಕಟ್ಟುವ ಹಣದ ಲೆಕ್ಕಕ್ಕೂ ಡಿಎಸ್‌ಎಂ.

ಎಸಿ ಕಾರ್ಯಕ್ರಮ ಮುಂದೆ ಬಂದರೆ ಒಂದು ಎಚ್ಚರಿಕೆ. ಲೇಬಲ್ ಮೇಲಿನ ಐಎಸ್‌ಇಇಆರ್ ಇಡೀ ಋತುವಿನ ದಕ್ಷತೆಯ ಅಂಕಿ. 24ರಿಂದ 43 ಡಿಗ್ರಿವರೆಗಿನ 1,600 ಗಂಟೆಗಳ ಮೇಲೆ ಲೆಕ್ಕ ಹಾಕಿದ್ದು. 2022ರ ಜುಲೈ ಪಟ್ಟಿಯಲ್ಲಿ ಸ್ಪ್ಲಿಟ್ ಎಸಿಗೆ 3 ಸ್ಟಾರ್ 3.8ರಿಂದ, 5 ಸ್ಟಾರ್ 5.0ರಿಂದ. ಯೂನಿಟ್ಟಿನಲ್ಲಿ 24% ಉಳಿತಾಯ. ಅದರಲ್ಲಿ ದೊಡ್ಡ ಪಾಲು ಇನ್ವರ್ಟರ್ ಕಂಪ್ರೆಸರ್ ಅರ್ಧ ಲೋಡಿನಲ್ಲಿ ನಿಧಾನ ಓಡುವುದರಿಂದ ಬರುತ್ತದೆ. 40 ಡಿಗ್ರಿಯ ಮಧ್ಯಾಹ್ನ ಅದೇ ಎಸಿ ಪೂರ್ತಿ ಓಡುತ್ತದೆ. ಆಗ ವ್ಯತ್ಯಾಸ ಗೊತ್ತಾಗುವುದು ಪೂರ್ಣ ಲೋಡಿನ ವ್ಯಾಟ್‌ನಿಂದ. ಎರಡೂ ಎಸಿಯ ವಿವರದ ಪ್ಲೇಟು ಎದುರಿಗಿಟ್ಟು ಅದನ್ನೇ ನೋಡಿ, ಅಂತರ 24%ಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ. ಗರಿಷ್ಠ ಹೊತ್ತಿಗೆ ನಿಜವಾಗಿ ಇಳಿಸುವುದು ಕಟ್ಟಡದ ಮೈ: ಚಾವಣಿಯ ಶಾಖ ತಡೆ, ಗಾಜಿಗೆ ನೆರಳು. ಅಲ್ಲಿ ಬೇಕಾಗುವ ಎಸಿಯ ಟನ್ನೇ ಕಡಿಮೆಯಾಗುತ್ತದೆ.

ಹಿಂಜವಡಿ_ಫೀಡರ್:

ಇಬ್ಬರಿಗೂ ಉಪಕಾರ. ವಿಂಗಡಣೆ ಕೇಳಿ ತರಿಸಿದೆ. ಎಲ್ಲ ಸೇರಿ 2 ಕೋಟಿ, ಪ್ರತಿ ವರ್ಷ ಹೊಸದು ಅಲ್ಲ. ಬೀದಿ ದೀಪ 90 ಲಕ್ಷ, ಫ್ಯಾನ್ 60 ಲಕ್ಷ, ಕಚೇರಿ ದೀಪ 50 ಲಕ್ಷ ಯೂನಿಟ್. ಎಲ್ಲವೂ ಇನ್ನು ಮುಂದೆ ಆಗಬೇಕಾದ ಕೆಲಸ, ಹಳೆಯ ಸರಣಿಯಲ್ಲಿ ಇಲ್ಲ. ಲೆಕ್ಕ ಮಾಡಿ ಹಾಕುತ್ತೇನೆ. ಅಷ್ಟರಲ್ಲಿ 400 ಕೆವಿ ಪ್ರಶ್ನೆಗೆ ಯಾರಾದರೂ ಹೇಳುತ್ತೀರಾ?

ಟ್ರಾಂಬೆ_ಗ್ರಿಡ್:

ಮೇಲಿನ ಮಟ್ಟಕ್ಕೆ ಒಂದೇ ಅಂಕಿ ಕಳಿಸಿದರೆ ಆಗುವುದಿಲ್ಲ ಮಾರಾಯ್ರೆ. ಕೇಂದ್ರ ಪ್ರಸರಣ ಸಂಸ್ಥೆ ಫೆಬ್ರವರಿ, ಜೂನ್, ಆಗಸ್ಟ್ ಮೂರು ತಿಂಗಳಿಗೆ, ಪ್ರತಿಯೊಂದಕ್ಕೂ ಸೌರ ಉತ್ಪಾದನೆ ಗರಿಷ್ಠವಿರುವ ಹೊತ್ತು, ಬೇಡಿಕೆ ಗರಿಷ್ಠವಿರುವ ಹೊತ್ತು, ನಡುರಾತ್ರಿ ಅಂತ ಒಟ್ಟು ಒಂಬತ್ತು ಸನ್ನಿವೇಶ ಓಡಿಸುತ್ತದೆ. ನಿಮ್ಮ ಬೀದಿ ದೀಪ ಕತ್ತಲ ಹೊತ್ತಿನ ಕೇಸುಗಳಲ್ಲಿ ಮಾತ್ರ ಇದೆ, ಕಚೇರಿ ದೀಪ ಹಗಲಿನ ಕೇಸುಗಳಲ್ಲಿ ಮಾತ್ರ ಇದೆ. ಒಂಬತ್ತು ಅಂಕಿ ಕೊಡಿ. ನಿಮ್ಮ ಸಬ್‌ಸ್ಟೇಷನ್ನಿನ ಗರಿಷ್ಠ ಮೇ ತಿಂಗಳದು. ಅದು ಆ ಒಂಬತ್ತರಲ್ಲಿ ಇಲ್ಲವೇ ಇಲ್ಲ ಅನ್ನುವುದೂ ನೆನಪಿರಲಿ. ಸ್ಥಳೀಯ ಟ್ರಾನ್ಸ್‌ಫಾರ್ಮರಿಗೆ ಹತ್ತನೆಯ ಅಂಕಿ ನಿಮ್ಮಲ್ಲೇ ಇಟ್ಟುಕೊಳ್ಳಿ.

ಲೋಡ್ ಫ್ಲೋದಲ್ಲಿ (ಯಾವ ಲೈನಿನಲ್ಲಿ ಎಷ್ಟು ಹರಿಯುತ್ತದೆ ಎಂಬ ಲೆಕ್ಕದಲ್ಲಿ) ನಡೆಯುವ ತಪ್ಪು ಮತ್ತೊಂದು ಉಂಟು. ರಾಜ್ಯದ ಒಟ್ಟು ಬೇಡಿಕೆಯನ್ನು 2% ಇಳಿಸಿ, ಎಲ್ಲ ಬಸ್ಸಿಗೂ (ಜಾಲದ ಪ್ರತಿ ಸಂಪರ್ಕ ಬಿಂದುವಿಗೂ) ಒಂದೇ ಪ್ರಮಾಣದಲ್ಲಿ ಹಂಚುವುದು. ರೈಲ್ವೆ ಟ್ರಾಕ್ಷನ್ ಬಸ್ಸು, ಡೇಟಾ ಸೆಂಟರಿನ ಬಸ್ಸು, ಉಕ್ಕಿನ ಕುಲುಮೆ, ಇವೆಲ್ಲ ಫ್ಯಾನ್ ಹಂಚಿದ್ದರಿಂದ ಇಳಿಯುವುದಿಲ್ಲ. ಅವನ್ನು ಸ್ಥಿರವಾಗಿ ಹಿಡಿದು, ಮನೆ ಮತ್ತು ಕಚೇರಿ ಲೋಡಿನ ಬಸ್ಸುಗಳಲ್ಲಿ ಮಾತ್ರ ಇಳಿಸಬೇಕು. ಇಳಿಸಿದಷ್ಟನ್ನು ಯಾವ ಜನರೇಟರಿನಿಂದ ಕಡಿಮೆ ಮಾಡುತ್ತೀರಿ ಅನ್ನುವುದೂ ಮುಖ್ಯ. ಪುಣೆಯಲ್ಲಿ 100 ಮೆಗಾವ್ಯಾಟ್ ಇಳಿಸಿ ಛತ್ತೀಸ್‌ಗಢದ ಉಷ್ಣ ಸ್ಥಾವರದಲ್ಲಿ 100 ತೆಗೆದರೆ, ಆ ಇಳಿತ ನಡುವಿನ ಎಲ್ಲ ದಾರಿಗಳಲ್ಲಿ ಹಂಚಿಹೋಗುತ್ತದೆ. ನೀವು ನೋಡುತ್ತಿರುವ ಒಂದು 400 ಕೆವಿ ಸರ್ಕ್ಯೂಟಿಗೆ ಸಿಗುವುದು ಅದರ ಹಂಚಿಕೆ ಗುಣಕದಷ್ಟೇ. 0.12 ಇದ್ದರೆ 12 ಮೆಗಾವ್ಯಾಟ್. ಸ್ಥಳೀಯ ಟ್ರಾನ್ಸ್‌ಫಾರ್ಮರಿನಲ್ಲಿ ಒಂದಕ್ಕೆ ಒಂದು ಸಿಗುವುದು ಮೇಲೆ ಹೋದ ಹಾಗೆ ತೆಳುವಾಗುತ್ತದೆ.

ಇದಕ್ಕೆ ಅಪವಾದ ಮುಂಬಯಿ. ಸಮುದ್ರ, ಖಾಡಿಯ ನಡುವಿನ ಊರು. ಒಳಗೆ ಬರುವ ದಾರಿ ಕೆಲವೇ. ಹೊರಗಿನಿಂದ ತರುವುದು ಅಂದರೆ ಒಟ್ಟು ಬೇಡಿಕೆ ಕಳೆ ಟ್ರಾಂಬೆ, ಡಹಾಣು ಮತ್ತು ಭಿರಾ, ಭಿವಪುರಿ, ಖೋಪೋಲಿಯ ಜಲವಿದ್ಯುತ್. ಊರೊಳಗೆ ಇಳಿದ ಒಂದು ಮೆಗಾವ್ಯಾಟ್ ಆ ಆಮದು ಗಡಿಯ ಮೇಲೆ ಪೂರ್ತಿ ಒಂದು ಮೆಗಾವ್ಯಾಟ್, ಜೊತೆಗೆ ನಷ್ಟದ ಪಾಲು. ಹೊಸ ತಂತಿಗೆ ಜಾಗವೇ ಸಿಗದ ಕಡೆ ಇದರ ಬೆಲೆ ಹೆಚ್ಚು. ಹಾಗಂತ ಖಾರ್‌ಘರ್–ವಿಕ್ರೋಲಿ 400 ಕೆವಿ ಅಥವಾ ಕುಡುಸ್–ಆರೇ 1,000 ಮೆಗಾವ್ಯಾಟ್ ಎಚ್‌ವಿಡಿಸಿ (ಅಧಿಕ ವೋಲ್ಟೇಜಿನ ಡಿಸಿ ಲೈನು) ಬೇಡವಿತ್ತು ಅಂತ ಯಾರೂ ಹೇಳಬಾರದು. 2020ರ ಅಕ್ಟೋಬರ್ 12ರಂದು ಮುಂಬಯಿಗೆ ವಿದ್ಯುತ್ ಹೋದದ್ದು ಬೆಳಿಗ್ಗೆ ಹತ್ತರ ಹೊತ್ತಿಗೆ. ದಾರಿಗಳು ಒಂದರ ಹಿಂದೆ ಒಂದು ಕಳಚಿದಾಗ ಏನು ಉಳಿಯುತ್ತದೆ ಅನ್ನುವುದು ಅಲ್ಲಿನ ಪ್ರಶ್ನೆ. ಅದಕ್ಕೆ ದಕ್ಷತೆ ಸಹಾಯ ಮಾಡುತ್ತದೆ, ಬದಲಿಯಾಗುವುದಿಲ್ಲ.

ಹೆಚ್ಚಿನವರು ಬಿಡುವ ಎರಡು ವಿಷಯ ಹೇಳಿ ಮುಗಿಸುತ್ತೇನೆ. ಒಂದು, ಅಂಡರ್ ಫ್ರೀಕ್ವೆನ್ಸಿ ರಿಲೇ ಪಟ್ಟಿ. ಆವರ್ತನ ಬಿದ್ದಾಗ ಕಡಿಯುವ ಫೀಡರುಗಳಿಗೆ ಇಂತಿಷ್ಟು ಮೆಗಾವ್ಯಾಟ್ ಪರಿಹಾರ ಅಂತ ಬರೆದಿರುತ್ತಾರೆ. ಆ ಫೀಡರಿನಲ್ಲೇ ದಕ್ಷತೆ, ಚಾವಣಿ ಸೋಲಾರ್ ಎರಡೂ ಬಂದರೆ, ಬರೆದಷ್ಟು ಪರಿಹಾರ ಸಿಗುವುದಿಲ್ಲ. ಕಾರ್ಯಕ್ರಮ ಮುಗಿದ ಕೂಡಲೇ ಆ ಪಟ್ಟಿಯನ್ನು ತಿದ್ದಿ, ಕಡಿಮೆ ಬಿದ್ದರೆ ಫೀಡರ್ ಸೇರಿಸಿ. ಎರಡು, ಲೋಡಿನ ಗುಣ. ಹಳೆಯ ಬಲ್ಬು ವೋಲ್ಟೇಜ್ ಬಿದ್ದರೆ ತಾನೂ ಕಡಿಮೆ ಎಳೆಯುತ್ತಿತ್ತು. ಇನ್ವರ್ಟರ್ ಎಸಿ, ಎಲ್‌ಇಡಿ ಡ್ರೈವರ್ ವೋಲ್ಟೇಜ್ ಬಿದ್ದರೂ ಅದೇ ವ್ಯಾಟ್ ಎಳೆಯಲು ಕರೆಂಟ್ ಏರಿಸುತ್ತವೆ. ಮೆಗಾವ್ಯಾಟ್ ಇಳಿಸಿ, ಲೋಡ್ ಮಾದರಿಯನ್ನು ಹಳೆಯದೇ ಬಿಟ್ಟರೆ ವೋಲ್ಟೇಜ್ ಸ್ಥಿರತೆಯ ಫಲಿತಾಂಶ ಇರುವುದಕ್ಕಿಂತ ಚಂದ ಕಾಣುತ್ತದೆ.

ಪೊಂಡಾ_220:

ಗೋವಾ ಕಡೆಯಿಂದ ಒಂದು ಮಾತು ಸೇರಿಸ್ತೀನ್ರಿ. ದಕ್ಷತೆ ಕಳೆಯೋ ಮುಂಚೆ, ಈ ಲೈನು ಯಾಕೆ ಬೇಕು ಅನ್ನೋದನ್ನ ಬರೆದಿಡ್ರಿ. ಕಾರಣ ಬೇಡಿಕೆ ಬೆಳವಣಿಗೆ ಆದ್ರ ಮಾತ್ರ ದಕ್ಷತೆ ಅದನ್ನ ಮುಂದೂಡಬಹುದು. ಗುಜರಾತಿನ ಖಾವಡಾದಂಥ ಕಡೆಯಿಂದ ಸೌರ ವಿದ್ಯುತ್ ಹೊರಗೆ ತರೋ ಲೈನಿಗೆ ಪುಣೆ ಫ್ಯಾನಿನ ಸಂಬಂಧ ಇಲ್ಲ.

ಗೋವಾನೇ ನೋಡ್ರಿ. ಊರಿನ ವಿದ್ಯುತ್ ಹೆಚ್ಚುಕಡಿಮೆ ಎಲ್ಲಾ ಹೊರಗಿಂದ. ಕೊಲ್ಹಾಪುರದಿಂದ ಮಾಪುಸಾಕ್ಕ 400 ಕೆವಿ, ಕರ್ನಾಟಕದ ಅಂಬೇವಾಡಿಯಿಂದ ಪೊಂಡಾಕ್ಕ 220 ಕೆವಿ. ಧಾರವಾಡ ಹತ್ತಿರದ ನರೇಂದ್ರದಿಂದ ದಕ್ಷಿಣ ಗೋವಾದ ಶೆಲ್ಡೆಂಗೆ 400 ಕೆವಿ ಅಂತ ಯೋಜನೆ ಹಾಕಿದ್ದು ಎರಡನೇ ಬಲವಾದ ಮೂಲ ಬೇಕು ಅಂತ. ಕಾಡಿನ ಪ್ರಶ್ನೆ ದೊಡ್ಡದು, ಅದನ್ನ ಅದರ ಜಾಗದಾಗೇ ಚರ್ಚೆ ಮಾಡಬೇಕು. ಆದ್ರ "ಎಲ್‌ಇಡಿ ಹಾಕಿದ್ರ ಲೈನೇ ಬೇಡ" ಅನ್ನೋ ವಾದ ನಿಲ್ಲೂದಿಲ್ಲ. ಮಾಪುಸಾ ಕಡೆ ತೊಂದರೆ ಆದಾಗ ದಕ್ಷಿಣ ಗೋವಾಕ್ಕ ಏನು ದಾರಿ ಅನ್ನೋದು 5% ಬೇಡಿಕೆ ಇಳಿಸಿದ್ರೂ ಹಂಗೇ ಉಳೀತದ.

ದಕ್ಷತೆಯ ದುಡ್ಡು ಗೋವಾಕ್ಕ ಸಿಗೋದು ಬೇರೆ ಕಡೆ: ಜನರಲ್ ನೆಟ್‌ವರ್ಕ್ ಆಕ್ಸೆಸ್, ಅಂದ್ರ ಜಿಎನ್‌ಎ. 2023ರ ಅಕ್ಟೋಬರ್ 1ರಿಂದ ಅಂತರರಾಜ್ಯ ಜಾಲದಿಂದ ಎಷ್ಟು ಮೆಗಾವ್ಯಾಟ್ ಎಳೀತೀವಿ ಅಂತ ಬರೆಸಿಕೊಂಡು ಅದರ ಮೇಲೆ ಶುಲ್ಕ ಕಟ್ಟಬೇಕು. ಎಲ್ಲಾ ಹೊರಗಿಂದ ತರೋರಿಗೆ ಗರಿಷ್ಠ ಹೊತ್ತಿನ ಪ್ರತಿ ಮೆಗಾವ್ಯಾಟೂ ಅಲ್ಲಿ ನೇರ ಲೆಕ್ಕಕ್ಕ ಬರ್ತದ. ಹೆಚ್ಚುವರಿ ಜಿಎನ್‌ಎ ಕೇಳೋ ಮುಂಚೆ ಈ ಲೆಕ್ಕ ಹಾಕ್ರಿ.

ಮುಂದೂಡಿಕೆಯ ಬೆಲೆ ಹಾಕೋ ಕ್ರಮನೂ ಹೇಳ್ತೀನಿ. ನಿಮ್ಮ 80 ಎಂವಿಎ 6%ದಾಗ ಬೆಳೆದ್ರ 3.8 ವರ್ಷಕ್ಕ 100 ಮುಟ್ಟತದ. ನಿರಂತರ ಕಾರ್ಯಕ್ರಮದಿಂದ ಬೆಳವಣಿಗೆ 4.5%ಕ್ಕ ಇಳಿದ್ರ 5.1 ವರ್ಷ. ಒಂದು ವರ್ಷದ ಮ್ಯಾಲೆ ಸ್ವಲ್ಪ ಸಿಕ್ತು. 100 ಕೋಟಿಯ ಕೆಲಸ ಒಂದು ವರ್ಷ ಮುಂದೆ ಹೋದ್ರ 10% ಬಡ್ಡಿ ಲೆಕ್ಕದಾಗ 9.1 ಕೋಟಿ ಉಳೀತು ಅಂತ ಬರೀತಾರ. ಬೆಲೆ 4% ಏರಿ ಅದೇ ಕೆಲಸ 104 ಕೋಟಿ ಆಗೋದನ್ನ ಮರೀತಾರ. ಅದನ್ನ ಸೇರಿಸಿದ್ರ ಉಳಿದದ್ದು ಸುಮಾರು 5.5 ಕೋಟಿ. ಕಾರ್ಯಕ್ರಮದ ಖರ್ಚನ್ನ ಇದರ ಜೊತಿಗೆ ಮತ್ತ ಉಳಿದ ಯೂನಿಟ್ಟಿನ ಬೆಲೆ ಜೊತಿಗೆ ಸೇರಿಸಿ ಹೋಲಿಸಬೇಕು. ಮತ್ತ ನಡುವೆ 30 ಎಂವಿಎ ಡೇಟಾ ಸೆಂಟರ್ ಒಂದು ಅರ್ಜಿ ಹಾಕಿದ್ರ ಈ ಎಲ್ಲಾ ವರ್ಷದ ಲೆಕ್ಕ ಒಂದೇ ದಿನಕ್ಕ ಹೋಗ್ತದ. ಬರಬಹುದಾದ ದೊಡ್ಡ ಲೋಡಿನ ಪಟ್ಟಿ ಬೇರೆ ಇಟ್ಕೊಳ್ರಿ, ಶೇಕಡಾ ಬೆಳವಣಿಗೆಯೊಳಗ ಕಲಸಬ್ಯಾಡ್ರಿ.

ನ್ಯೂಯಾರ್ಕಿನ ಬ್ರೂಕ್ಲಿನ್–ಕ್ವೀನ್ಸ್‌ನಾಗ 2014ರಾಗ ಒಪ್ಪಿಗೆ ಸಿಕ್ಕ ಯೋಜನೆ ಇದಕ್ಕ ಒಳ್ಳೆ ಪಾಠ. ಸುಮಾರು 100 ಕೋಟಿ ಡಾಲರಿನ ಸಬ್‌ಸ್ಟೇಷನ್ ಮುಂದೂಡಲಿಕ್ಕ 20 ಕೋಟಿ ಡಾಲರಿನ ಕಾರ್ಯಕ್ರಮ. ಅದು ನಡೆದದ್ದು ಯಾಕಂದ್ರ, ಓವರ್‌ಲೋಡ್ ಮಧ್ಯಾಹ್ನದಿಂದ ನಡುರಾತ್ರಿವರೆಗೆ ಅಂತ ಮೊದಲು ಗಂಟೆ ಗುರುತಿಸಿ, ಆ ಗಂಟೆಗಳಿಗೆ ಹೊಂದೋ ಕ್ರಮಗಳನ್ನ ಆರಿಸಿದ್ರು. ಅದೂ ಆ ಫೀಡರುಗಳ ಮನಿಗಳಾಗೇ.

ಹಿಂಜವಡಿ_ಫೀಡರ್:

ಲೆಕ್ಕ ಹಾಕಿದೆ, ನೋಡಿ ಹೇಳಿ. ಮಧ್ಯಾಹ್ನ 3ಕ್ಕೆ:

ಬೀದಿ ದೀಪ: 0.
ಫ್ಯಾನ್: ಒಂದಕ್ಕೆ 45 ವ್ಯಾಟ್, 3,000 ಗಂಟೆ, 135 ಯೂನಿಟ್. 60 ಲಕ್ಷ ಯೂನಿಟ್ಟಿಗೆ ಸುಮಾರು 44,400 ಫ್ಯಾನ್, 2.0 ಮೆಗಾವ್ಯಾಟ್. 0.35ರಿಂದ ಗುಣಿಸಿ 0.70.
ಕಚೇರಿ ದೀಪ: 50 ಲಕ್ಷ ಭಾಗಿಸು 3,000 ಗಂಟೆ, 1.67. 0.85ರಿಂದ ಗುಣಿಸಿ 1.42.
ಮೊತ್ತ 2.12. ಭಾಗಿಸು 0.9, 2.36. 30% ತೆಗೆದು 1.65 ಮೆಗಾವ್ಯಾಟ್.

ಮೀಟರ್_96:

ಎರಡು ತಿದ್ದುಪಡಿ. ಕಚೇರಿ ದೀಪದ ಶಾಖವನ್ನು ಎಸಿಯೇ ಹೊರಗೆ ಹಾಕಬೇಕಿತ್ತು. ದೀಪದಲ್ಲಿ ಒಂದು ಕಿಲೋವ್ಯಾಟ್ ಇಳಿದರೆ ತಂಪು ಮಾಡುವ ಯಂತ್ರದಲ್ಲಿ ಸುಮಾರು ಮೂರನೇ ಒಂದು ಪಾಲು ಹೆಚ್ಚುವರಿ ಇಳಿಯುತ್ತದೆ, ಯಂತ್ರದ ದಕ್ಷತಾ ಗುಣಾಂಕ 3 ಅಂತ ಹಿಡಿದರೆ. 1.42 ಅಲ್ಲ, 1.89. ಇನ್ನು ಆ ಕಚೇರಿಗಳು 22 ಕೆವಿಯಲ್ಲೇ ವಿದ್ಯುತ್ ಪಡೆಯುವ ಎಚ್‌ಟಿ (ಹೈ ಟೆನ್ಷನ್) ಗ್ರಾಹಕರು. ಅವರ ಉಳಿತಾಯಕ್ಕೆ ಎಲ್‌ಟಿ (ಲೋ ಟೆನ್ಷನ್) ತಂತಿಯ 10% ನಷ್ಟ ಹಾಕಬೇಡಿ, 3% ಸಾಕು. 1.89 ಭಾಗಿಸು 0.97 ಅಂದರೆ 1.95, ಫ್ಯಾನ್ 0.70 ಭಾಗಿಸು 0.9 ಅಂದರೆ 0.78. ಮೊತ್ತ 2.73, 30% ತೆಗೆದರೆ 1.9.

ಹಾಳೆಯ 2.28ಕ್ಕೆ ಹತ್ತಿರ ಬಂತಲ್ಲ ಅಂತ ಆ ಭಾಗಾಕಾರವೇ ಸರಿ ಅಂದುಕೊಳ್ಳಬೇಡಿ. ರಾತ್ರಿ 9ಕ್ಕೆ ಇದೇ ಲೆಕ್ಕ ಹಾಕಿ, ಬೀದಿ ದೀಪದ 2.14 ಒಂದರಿಂದಲೇ ಅಂಕಿ ಬೇರೆ ಆಗುತ್ತದೆ. ಬೀದಿ ದೀಪಕ್ಕೆ ತಾವಾಗಿ ಕೊಳ್ಳುವವರು ಅಂತ ಇಲ್ಲ, ಅಲ್ಲಿ 30% ತೆಗೆಯಬೇಡಿ.

ಇನ್ನು ಎಂವಿಎಗೆ ತಿರುಗಿಸುವಾಗ ಪವರ್ ಫ್ಯಾಕ್ಟರನ್ನು (ಎಂವಿಎಯಲ್ಲಿ ಮೆಗಾವ್ಯಾಟಿನ ಪಾಲು) ಹಾಗೇ ಬಿಟ್ಟು ಭಾಗಿಸಬೇಡಿ. ಇಳಿಯುವುದು ಹೆಚ್ಚಾಗಿ ಮೆಗಾವ್ಯಾಟ್, ಎಂವಿಎಆರ್ (ಕೆಲಸ ಮಾಡದೆ ಸಾಮರ್ಥ್ಯ ಮಾತ್ರ ಹಿಡಿಯುವ ರಿಯಾಕ್ಟಿವ್ ಪಾಲು) ಅಷ್ಟಾಗಿ ಅಲ್ಲ. 0.95ರಲ್ಲಿ 80 ಎಂವಿಎ ಅಂದರೆ 76 ಮೆಗಾವ್ಯಾಟ್, 25 ಎಂವಿಎಆರ್. 1.9 ತೆಗೆದು 25ನ್ನು ಹಾಗೇ ಇಟ್ಟರೆ 78.2 ಎಂವಿಎ. ಸಿಕ್ಕಿದ್ದು 1.8 ಎಂವಿಎ. 100ರ ಹತ್ತಿರ ಬಂದಾಗ ನಿಮ್ಮ ಒಂದು ವರ್ಷದ ಬೆಳವಣಿಗೆ ಸುಮಾರು 5.8 ಎಂವಿಎ. ಅಂದರೆ ಈ ಕಾರ್ಯಕ್ರಮ 100 ಎಂವಿಎ ಮುಟ್ಟುವ ದಿನವನ್ನು ಸುಮಾರು ನಾಲ್ಕು ತಿಂಗಳು ಮುಂದೆ ತಳ್ಳುತ್ತದೆ. ಮೇನಲ್ಲಿ ಮಾತ್ರ ಗರಿಷ್ಠ ಬರುವ ಸಬ್‌ಸ್ಟೇಷನ್ನಿಗೆ ನಾಲ್ಕು ತಿಂಗಳು ಅಂದರೆ ಒಂದು ಬೇಸಿಗೆ ದಾಟಬಹುದು, ದಾಟದೆಯೂ ಇರಬಹುದು. ಈಗಿನ 80 ಬಂದದ್ದು ಯಾವ ವರ್ಷದ ಮೇಯಲ್ಲಿ, 100 ಬೀಳುವುದು ಯಾವ ಮೇಯ ಎಡಬಲಕ್ಕೆ, ಅದನ್ನು ಹಾಕಿ ನೋಡಿದ ಮೇಲೆಯೇ ನಾಲ್ಕನೇ ಟ್ರಾನ್ಸ್‌ಫಾರ್ಮರಿನ ಟೆಂಡರ್ ದಿನಾಂಕ ಮುಟ್ಟಿ.

ಹಿಂಜವಡಿ_ಫೀಡರ್:

80 ಎಂವಿಎ ಈ ವರ್ಷದ ಮೇಯದ್ದು. ಕಾರ್ಯಕ್ರಮ ಇಲ್ಲದೆ ನಾಲ್ಕನೇ ಮೇಗೆ 101, ಇದ್ದರೆ 99.2. ಒಂದು ಬೇಸಿಗೆ ದಾಟುತ್ತದೆ, ಆದರೆ 0.8 ಎಂವಿಎ ಅಂತರದಲ್ಲಿ. ಟೆಂಡರ್ ದಿನಾಂಕ ಹಾಗೇ ಇಟ್ಟು, ಫ್ಯಾನ್ ಮತ್ತು ಕಚೇರಿ ದೀಪದ ಕೆಲಸ ಎರಡನೇ ಮೇ ಹೊತ್ತಿಗೆ ಎಷ್ಟು ಆಗಿದೆ ಅಂತ 15 ನಿಮಿಷದ ಓದಿನಲ್ಲಿ ನೋಡಿ ಮತ್ತೆ ಲೆಕ್ಕ ಹಾಕುವುದು ಅಂತ ಟಿಪ್ಪಣಿ ಬರೆದೆ. ಒಂಬತ್ತು ಸನ್ನಿವೇಶದ ಅಂಕಿಗಳನ್ನು ಬೇರೆ ಹಾಳೆಯಲ್ಲಿ ಕಳಿಸುತ್ತಿದ್ದೇನೆ.